ಕೊನೆಗೆ ದೆವ್ವ ಇತ್ತಾ ಇರ್ಲಿಲ್ವಾ? ನಮ್ ಕಡೆ ಹಾರರ್ ಜಗಳ ಶುರುವಾದ ಬಗೆ

ಶಿರಸಿಲಾಗ್ಲಿ ಕಾರವಾರದಲ್ಲಾಗ್ಲಿ ಹಾರರ್ ಸಿನಿಮಾ ನೋಡ್ಕಂಡು ಬಂದವ್ರನ್ನ ಹೇಗಿತ್ತು ಅಂತ ಕೇಳಿ ನೋಡಿ, ಹೆದ್ರಿಕೆ ಆಯ್ತು, ಆಗಿಲ್ಲ ಅನ್ನೋ ಮಾತು ಎರಡು ನಿಮಿಷದಲ್ಲಿ ಮುಗಿದು ಹೋಗತ್ತೆ. ಅಸಲಿ ಜಗಳ ಶುರುವಾಗೋದು ಆಮೇಲೆ, ಎಂತ ಮಾರಾಯ, ಕೊನೆಗೆ ದೆವ್ವ ನಿಜವಾಗ್ಲೂ ಇತ್ತಾ ಅಥವಾ ಎಲ್ಲಾ ನಾಯಕಿ ತಲೆಲಿ ನಡೆದದ್ದಾ ಅಂತ. ಒಬ್ಬ ಇತ್ತು ಅಂತಾನೆ, ಇನ್ನೊಬ್ಬ ಡೈರೆಕ್ಟರು ಮೋಸ ಮಾಡಿದ ಅಂತಾನೆ, ಮೂರನೆಯವನು ದೈವ ದೇವರನ್ನೆಲ್ಲ ದೆವ್ವದ ಸಾಲಿಗೆ ಸೇರಿಸ್ಬೇಡಿ ಅಂತ ಸಿಟ್ಟಾಗ್ತಾನೆ. ಈ ಜಗಳ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ, ಮತ್ತೆ ನನ್ನ ಪ್ರಕಾರ ನಮ್ಮ ಉತ್ತರ ಕನ್ನಡ ಜಿಲ್ಲೆಯವ್ರಿಗೆ ಈ ವಿಷಯದಲ್ಲಿ ಮಾತಾಡೋಕೆ ಬೇರೆಯವ್ರಿಗಿಂತ ಜಾಸ್ತಿ ಸರಕು ಇದೆ.

ಸಿನಿಮಾಕ್ಕಿಂತ ಹಿಂದಿನಿಂದ ಹಿಡೀಬೇಕು. ಘಟ್ಟದ ಮೇಲೆ ಕೊನೆಕೊಯ್ಲು ಆದ್ಮೇಲೆ ರಾತ್ರಿ ಅಡಿಕೆ ಸುಲಿಯೋಕೆ ಅಕ್ಕಪಕ್ಕದ ಮನೆಯವ್ರೆಲ್ಲ ಒಂದೇ ಅಂಗಳದಲ್ಲಿ ಸೇರ್ತಿದ್ರು, ಮೆಟ್ಟುಗತ್ತಿ ಎದುರು ಕೂತು ಕವಳ (ಎಲೆ ಅಡಿಕೆ) ಹಾಕ್ಕಂಡು ಕೈ ಒಂದ್ಕಡೆ ಬಾಯಿ ಒಂದ್ಕಡೆ ಕೆಲಸ ಮಾಡ್ತಿತ್ತು, ಅಲ್ಲಿ ಬ್ರಹ್ಮರಾಕ್ಷಸನಿಂದ ಹಿಡಿದು ಮೋಹಿನಿವರೆಗೆ ಎಲ್ಲರೂ ಬಂದು ಹೋಗ್ತಿದ್ರು. ಘಟ್ಟದ ಕೆಳಗೆ ಕುಮಟಾ ಅಂಕೋಲಾ ಕಡೆ ಗಜನಿ (ಉಪ್ಪು ನೀರು ನುಗ್ಗೋ) ಗದ್ದೆಯಲ್ಲಿ ರಾತ್ರಿ ಬೆಳಕು ಓಡಾಡಿದ್ರೆ ಅದು ಕೊಳ್ಳಿದೆವ್ವ. ಈ ಕಥೆಗಳಲ್ಲಿ ಗಮನಿಸ್ಬೇಕಾದ್ದು ಏನಂದ್ರೆ ಜಾಗ ಯಾವಾಗ್ಲೂ ಪಕ್ಕಾ ಇರತ್ತೆ, ಇಂಥಾ ಹಳ್ಳ, ಇಂಥಾ ಮೋರಿ, ಇಂಥವ್ರ ಬೆಟ್ಟದ ಅಂಚಿನ ಮರ, ಆದ್ರೆ ಯಾಕೆ ಹೇಗೆ ಅನ್ನೋ ವಿವರಣೆ ಯಾರೂ ಕೇಳೋದಿಲ್ಲ. ಇನ್ನು ಚೌಡಿ, ಜಟ್ಟಿಗ, ಹುಲಿದೇವರು, ಮಾಸ್ತಿ, ಕಾರವಾರದ ಕೋಡಿಬಾಗದಲ್ಲಿ ಸಿಗರೇಟು ಹೆಂಡ ಹರಕೆ ತಗೊಳ್ಳೋ ಖಾಪ್ರಿ, ಇವ್ರೆಲ್ಲ ದೆವ್ವ ಅಲ್ವೇ ಅಲ್ಲ, ಊರು ಕಾಯೋರು. ಭಯ ಇದೆ ನಿಜ, ಆದ್ರೆ ಅದು ಹರಕೆ ತಪ್ಪಿದ್ರೆ ಎಂತ ಅಂತ ಆಗೋ ಭಯ. ಈ ಎರಡು ಥರದ ಭಯ ಒಂದಕ್ಕೊಂದು ಬೇರೆ ಅನ್ನೋದು ಇಲ್ಲಿ ಬೆಳೆದವ್ರಿಗೆ ಯಾರೂ ಹೇಳಿಕೊಡದೇ ಗೊತ್ತಿರತ್ತೆ.

ಅಭಿಪ್ರಾಯ ಹೇಳೋ ಚಟ ಬಂದದ್ದು ಮಾತ್ರ ಯಕ್ಷಗಾನದಿಂದ, ಇದನ್ನ ನಾನು ಗಟ್ಟಿಯಾಗಿ ನಂಬ್ತೇನೆ. 1934ರಲ್ಲಿ ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವ್ರು ಇಡಗುಂಜಿ ಮೇಳ ಕಟ್ಟಿದ್ರು, ಅದೇ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವ್ರ ಭಸ್ಮಾಸುರ ನೋಡೋಕೆ ಜನ ಮೈಲಿಗಟ್ಲೆ ನಡ್ಕಂಡು ಹೋಗ್ತಿದ್ರು. ಭಸ್ಮಾಸುರ ಕೊನೆಗೆ ತನ್ನ ತಲೆ ಮೇಲೆ ತಾನೇ ಕೈ ಇಟ್ಕೊಂಡು ಸಾಯ್ತಾನೆ ಅಂತ ಕೂಸಿಗೂ ಗೊತ್ತು, ಸುಟ್ಟ ಜಾಗ ಅಂತ ತೋರಿಸೋಕೆ ಯಾಣದ ಕಪ್ಪು ಬಂಡೆಗಳೂ ಇದ್ದಾವೆ, ಆದ್ರೂ ಮರುದಿನ ಬೆಳಿಗ್ಗೆ ಚಾ ಕುಡೀತಾ ಅವರ ಪ್ರವೇಶ ಹೇಗಿತ್ತು, ಇವರ ಅಬ್ಬರ ಜಾಸ್ತಿ ಆಯ್ತಲ್ವಾ, ಆ ಚಂಡೆ ಇಲ್ದಿದ್ರೆ ವೇಷ ಏಳ್ತಿತ್ತಾ ಅಂತ ಮಧ್ಯಾಹ್ನದವರೆಗೆ ಚರ್ಚೆ. ಕಥೆ ಗೊತ್ತಿದ್ರೂ ಹೆದರಿಸಿದ್ದು ಹೇಗೆ ಅಂತ ಬಿಡಿಸಿ ನೋಡೋ ಈ ಕಣ್ಣು ಆಮೇಲೆ ಸಿನಿಮಾ ಮೇಲೆ ಬಿತ್ತು.

ಕನ್ನಡದಲ್ಲಿ ಹಾರರ್ ಅಂದ್ರೆ ಹಳಬರು ಇವತ್ತಿಗೂ ಮೊದಲು ಹೇಳೋದು 1979ರ ನಾ ನಿನ್ನ ಬಿಡಲಾರೆ. ಅದ್ರಲ್ಲಿ ದೆವ್ವ ಇತ್ತಾ ಅನ್ನೋ ಪ್ರಶ್ನೆಗೆ ಜಾಗವೇ ಇಲ್ಲ, ಇದೆ, ಪೂರ್ತಿ ಇದೆ, ಒಂದು ಹೆಣ್ಣಿನ ಆತ್ಮ ನಾಯಕನ ಮೈಮೇಲೆ ಬರತ್ತೆ, ಹೆಂಡತಿ ರಾಯರನ್ನ ನಂಬಿ ಹೋರಾಡ್ತಾಳೆ. ಆ ನಾಯಕ ಅನಂತ್ ನಾಗ್ ನಮ್ಮ ಭಟ್ಕಳ ತಾಲೂಕಿನ ಶಿರಾಲಿ ಕಡೆಯವ್ರು, ಹಂಗಾಗಿ ನಮ್ ಕಡೆ ಆ ಸಿನಿಮಾದ ಬಗ್ಗೆ ಸ್ವಲ್ಪ ಸ್ವಂತದ್ದು ಅನ್ನೋ ಹೆಮ್ಮೆ ಕೂಡ ಇದೆ. ನನಗೆ ಅದ್ರಲ್ಲಿ ದೊಡ್ಡದು ಅನ್ಸೋದು ಒಬ್ಬ ಗಂಡು ನಟ ಮೇಕಪ್ಪು ಮುಖವಾಡ ನಂಬ್ಕೊಳ್ಳದೇ ಕಣ್ಣು ಮತ್ತು ನಡಿಗೆಯಲ್ಲೇ ತನ್ನೊಳಗೆ ಇನ್ಯಾರೋ ಇದ್ದಾರೆ ಅಂತ ತೋರಿಸಿದ್ದು. ದೆವ್ವ ಬಿಡಿಸಿದ ರೀತಿ ಹಳೇದಾಯ್ತು ಅಂತ ಈಗಿನ ಹುಡುಗ್ರು ಹೇಳ್ತಾರೆ, ಹೇಳ್ಲಿ, ಆದ್ರೆ ಆ ಸಿನಿಮಾ ತನ್ನ ಮಾತಿಗೆ ತಪ್ಪಲಿಲ್ಲ, ಶುರುವಿನಲ್ಲಿ ಇದೆ ಅಂದದ್ದನ್ನ ಕೊನೆಯಲ್ಲಿ ಇಲ್ಲ ಅನ್ಲಿಲ್ಲ.

ಆಮೇಲಿನ ಹದಿನೈದು ವರ್ಷ ಬೇಗ ಹೇಳಿ ಮುಗಿಸಬಹುದು. ವಿಸಿಪಿ ಟೀವಿ ಬಾಡಿಗೆಗೆ ತಂದು ರಾತ್ರಿಯಿಡೀ ನೋಡೋ ಕಾಲ, ರಾಮ್ಸೆ ಸೋದರರ ಪುರಾನಾ ಮಂದಿರ್ 1984ರದ್ದು, ವೀರಾನಾ 1988ರದ್ದು, ಹಾಳು ಬಂಗಲೆ, ಹೊಗೆ, ಕಬ್ಬಿಣದ ಗೇಟು. 1985ರಲ್ಲಿ ತೆಲುಗು ಕಾದಂಬರಿಕಾರ ಯಂಡಮೂರಿಯವ್ರ ತುಳಸಿದಳ ಕನ್ನಡದಲ್ಲಿ ಸಿನಿಮಾ ಆಯ್ತು, ಕಾದಂಬರಿ ಓದಿದವ್ರು ಪುಸ್ತಕನೇ ಜಾಸ್ತಿ ಹೆದರಿಸಿದ್ದು ಅಂತ ಈಗ್ಲೂ ವಾದ ಮಾಡ್ತಾರೆ. 1993ರಲ್ಲಿ ಉಪೇಂದ್ರ ಅವರ ಶ್ ಬಂತು, ಅದೇ ವರ್ಷ ಕೇಬಲ್‌ನಲ್ಲಿ ಝೀ ಹಾರರ್ ಶೋ, 1995ಕ್ಕೆ ಆಹಟ್. ಕಾರವಾರದವ್ರಿಗೆ ಕೊಂಕಣಿ ಮರಾಠಿ ಹಿಂದಿ ಮೂರೂ ಓಡತ್ತೆ, ಹಾಗಾಗಿ ಅವರಿಗೆ ಇದೆಲ್ಲ ಸುಲಭ ಆಯ್ತು, ಘಟ್ಟದ ಮೇಲಿನವ್ರು ಅರ್ಧ ಹಿಂದಿ ಅರ್ಧ ಊಹೆಯಲ್ಲಿ ನೋಡಿದ್ರು.

ಜಗಳ ನಿಜವಾಗಿ ಹೊತ್ತಿಕೊಂಡದ್ದು 2004ರಲ್ಲಿ, ಆಪ್ತಮಿತ್ರದಿಂದ. 1993ರ ಮಲಯಾಳಂ ಮಣಿಚಿತ್ರತ್ತಾಳ್ ಇದಕ್ಕೆ ಮೂಲ. ಅಲ್ಲಿವರೆಗೆ ಮೈಮೇಲೆ ಬಂತು ಅಂದ್ರೆ ಬಂತು, ಈ ಸಿನಿಮಾ ಬಂದು ತಾನೇ ನಾಗವಲ್ಲಿ ಅನ್ನೋ ಸತ್ತ ನರ್ತಕಿ ಅಂತ ಆಡೋ ನಾಯಕಿ ಮೈಮೇಲೆ ಯಾರೂ ಬಂದಿಲ್ಲ, ಇದು ಮನಸ್ಸಿನ ಕಾಯಿಲೆ, ಡಾಕ್ಟರು ಬೇಕು ಅಂತು, ಅದನ್ನ ಹೇಳಿದ್ದು ವಿಷ್ಣುವರ್ಧನ್, ಜನ ಕೇಳಿದ್ರು. ಇದು ಸಣ್ಣ ವಿಷಯ ಅಲ್ಲ. ಹುಡುಗಿ ವಿಚಿತ್ರ ಆಡ್ತಾಳೆ ಅಂದ್ರೆ ನೋಟ ಕೇಳಿಸೋಕೆ, ಅಂದ್ರೆ ಯಾರ ಕಾಟ ಅಂತ ಹೇಳೋರ ಹತ್ರ, ಕರ್ಕೊಂಡು ಹೋಗೋ ಊರುಗಳಲ್ಲಿ ಒಂದು ಕಮರ್ಷಿಯಲ್ ಸಿನಿಮಾ ಆಸ್ಪತ್ರೆ ದಾರಿ ತೋರಿಸ್ತು. ಆದ್ರೆ ಅದೇ ಸಿನಿಮಾದಲ್ಲಿ ಚಿಕಿತ್ಸೆ ಮಾಡೋಕೆ ಡಾಕ್ಟರ ಜೊತೆ ಆಚಾರ್ಯರೂ ಬೇಕಾದ್ರು, ಮತ್ತೆ ಅರಮನೆಯಲ್ಲಿ ಒಂದು ದೊಡ್ಡ ಹಾವು, ಅದು ಯಾಕಿತ್ತು ಅಂತ ಕೊನೆವರೆಗೂ ಯಾರೂ ಹೇಳಿಲ್ಲ! ಎಲ್ಲಾ ಕಾಯಿಲೆನೇ ಆದ್ರೆ ಹಾವು ಯಾರ ಕಾಯಿಲೆ? ಈ ಹಾವಿನ ವಿಷಯದಲ್ಲಿ ಮದುವೆಮನೆ ಊಟದ ಪಂಕ್ತಿಯಲ್ಲೂ ವಾದ ಆಗಿದ್ದಿದೆ. ಮುಂದೆ ವಿಷ್ಣುವರ್ಧನ್ ತೀರಿಕೊಂಡ ಮೇಲೆ 2010ರಲ್ಲಿ ಬಿಡುಗಡೆಯಾದ ಆಪ್ತರಕ್ಷಕ ನಾಗವಲ್ಲಿ ಕಥೆಯನ್ನ ಮತ್ತೆ ಎತ್ಕೊಂಡು ಅತಿಮಾನುಷ ಶಕ್ತಿ ಕಡೆಗೇ ವಾಲ್ತು, ಅಂದ್ರೆ ಮೊದಲ ಸಿನಿಮಾ ಮುಚ್ಚಿದ ಬಾಗಿಲನ್ನ ಎರಡನೆಯದು ತೆಗೆದು ಕೂತ್ಕೊಳ್ತು.

ಇಲ್ಲಿ ನನ್ನ ನಿಲುವು ಹೇಳ್ಬಿಡ್ತೇನೆ. ಹಾರರ್ ಸಿನಿಮಾದಲ್ಲಿ ದೆವ್ವ ಇರಬೇಕು. ಕೊನೇ ಹತ್ತು ನಿಮಿಷದಲ್ಲಿ ಎಲ್ಲಾ ಹುಚ್ಚು ಅಂತ ಟ್ವಿಸ್ಟ್ ಕೊಡೋದು ಬುದ್ಧಿವಂತಿಕೆ ಥರ ಕಾಣತ್ತೆ, ಆದ್ರೆ ಅಲ್ಲಿವರೆಗೆ ನಮ್ಮನ್ನ ಹೆದರಿಸಿದ ಪ್ರತಿಯೊಂದು ಸೀನಿನ ಭಾರವೂ ಒಬ್ಬ ಕಾಯಿಲೆಯವಳ ತಲೆ ಮೇಲೆ ಬೀಳತ್ತೆ, ಜನ ಥಿಯೇಟರಿಂದ ಹೊರಗೆ ಬರೋವಾಗ ಕಾಯಿಲೆಗೇ ಹೆದರ್ಕೊಂಡು ಬರ್ತಾರೆ. ಆಪ್ತಮಿತ್ರ ಡಾಕ್ಟರ ಹತ್ರ ಕಳಿಸ್ತು ನಿಜ, ಅದಕ್ಕೆ ಗೌರವ ಇದೆ, ಆದ್ರೆ ಸಿಟ್ಟು ಬಂದು ಕಿರುಚಿದ ಹೆಂಗಸನ್ನ ನಾಗವಲ್ಲಿ ಅಂತ ಕರೆಯೋದೂ ಅಲ್ಲಿಂದ್ಲೇ ಶುರುವಾಯ್ತು, ಅದು ತಮಾಷೆ ಅಂತ ನನಗೆ ಯಾವತ್ತೂ ಅನ್ಸಿಲ್ಲ.

2013ರಿಂದ ಹೊಸ ಹುಡುಗ್ರು ಬಂದ್ರು. ಆರು ಮೈನಸ್ ಐದು ಈಸ್ ಈಕ್ವಲ್ ಟು ಎರಡು ಅಂತ ಲೆಕ್ಕ ತಪ್ಪಿದ ಹೆಸರಿನ ಸಿನಿಮಾ, ಚಾರಣಕ್ಕೆ ಹೋದವ್ರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯ ಅಂತ ಹೇಳ್ಕೊಂಡು ಬಂತು, 1999ರ ಬ್ಲೇರ್ ವಿಚ್ ಪ್ರಾಜೆಕ್ಟ್ ಅಮೆರಿಕದಲ್ಲಿ ಮಾಡಿದ್ದೂ ಅದನ್ನೇ, ಇಲ್ಲೂ ಎಷ್ಟೋ ಜನ ನಿಜ ಅಂತ್ಲೇ ನಂಬಿದ್ರು. ಘಟ್ಟದ ಕಾಡಲ್ಲಿ ದಾರಿ ತಪ್ಪೋದು ಎಂಥದ್ದು ಅಂತ ಗೊತ್ತಿರೋ ನಮ್ಮವ್ರಿಗೆ ಆ ಸಿನಿಮಾದಲ್ಲಿ ದೆವ್ವಕ್ಕಿಂತ ಮೊದಲು ಕಾಡೇ ಹೆದರಿಸ್ತು. 2015ರ ರಂಗಿತರಂಗ ಭೂತದ ವೇಷ ತೋರಿಸಿ ಕೊನೆಗೆ ಮನುಷ್ಯನನ್ನೇ ಹಿಡೀತು, 2016ರ ಯೂ ಟರ್ನ್ ಬೆಂಗಳೂರಿನ ಫ್ಲೈಓವರ್ ಮೇಲೆ ಕಲ್ಲು ಸರಿಸಿ ಗಾಡಿ ತಿರುಗಿಸೋರ ಹಿಂದೆ ನಿಜವಾದ ದೆವ್ವವನ್ನೇ ಬಿಡ್ತು. ನಾನು ಯೂ ಟರ್ನ್ ಪಾರ್ಟಿ.

2018ರ ತುಂಬಾಡ್ ಬಗ್ಗೆ ಮಾತಾಡದೇ ಮುಂದೆ ಹೋಗೋಕಾಗಲ್ಲ. ರಾಹಿ ಅನಿಲ್ ಬರ್ವೆ ಅವರ ಸಿನಿಮಾ ಹಿಂದಿದು, ಕಥೆ ನಡೆಯೋದು ಮಹಾರಾಷ್ಟ್ರದ ಕೊಂಕಣದಲ್ಲಿ, ಮರಾಠಿ ಭಯದ ಕಥೆಗಾರ ನಾರಾಯಣ ಧಾರಪ್ ಅವರ ಪ್ರೇರಣೆ ಅದಕ್ಕಿದೆ. ಆದ್ರೆ ಅದ್ರಲ್ಲಿರೋ ಮಳೆ ನಮ್ದೇ. ವರ್ಷಗಟ್ಲೆ ಮಳೆಗಾಲ ಕಾದು ತೆಗೆದಿದ್ದಾರೆ, ಪಾಚಿ ಹಿಡಿದ ಗೋಡೆ, ಜಿಟಿ ಜಿಟಿ, ಒಣಗದ ಬಟ್ಟೆ, ಜೂನ್ ಬಂದ್ರೆ ಸೂರ್ಯ ಕಾಣದ ಮನೆ, ಇದೆಲ್ಲ ಶಿರಸಿ ಸಿದ್ದಾಪುರದವ್ರಿಗೆ ಸೆಟ್ ಅಂತ ಅನ್ಸೋದೇ ಇಲ್ಲ. ಹಸ್ತರ್ ಅನ್ನೋ ದೇವರು ಯಾವ ಪುರಾಣದಲ್ಲಿ ಬರ್ತಾನೆ ಅಂತ ಹುಡುಕಿದವ್ರಿದ್ದಾರೆ, ಯಾವುದ್ರಲ್ಲೂ ಇಲ್ಲ, ಸಿನಿಮಾಕ್ಕಂತ್ಲೇ ಕಟ್ಟಿದ್ದು, ಅಷ್ಟು ನಂಬೋ ಹಾಗೆ ಕಟ್ಟಿದ್ದಾರೆ. ಮೊದಲ ಸಲ ಬಂದಾಗ ಹೆಚ್ಚು ಓಡ್ಲಿಲ್ಲ, 2024ರ ಸೆಪ್ಟೆಂಬರ್‌ನಲ್ಲಿ ಮರು ಬಿಡುಗಡೆ ಆದಾಗ ಮೊದಲಿಗಿಂತ ಜಾಸ್ತಿ ದುಡ್ಡು ಮಾಡ್ತು, ಅದಕ್ಕೆ ಕಾರಣ ನಡುವಿನ ಆರು ವರ್ಷ ನೋಡಿದವ್ರು ನೋಡದವ್ರಿಗೆ ಹೇಳ್ತಾ ಬಂದದ್ದೇ. ಅಭಿಮಾನಿಗಳ ಮಾತಿಗೆ ಎಷ್ಟು ಬಲ ಇದೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಓಟಿಟಿ ಬಂದ್ಮೇಲೆ ಡಾರ್ಕ್ ಫ್ಯಾಂಟಸಿ, ಅಂದ್ರೆ ಮಾಯಾಲೋಕದ ಕಥೆಗೆ ಭಯ ಬೆರೆಸಿದ್ದು, ಅದೂ ಊರಿಗೆ ಬಂತು. ಮಳೆ ಜೋರಾದ್ರೆ ಡಿಶ್‌ನಲ್ಲಿ ಸಿಗ್ನಲ್ ಹೋಗತ್ತೆ, ಮೊಬೈಲ್ ಟವರ್ ಕರೆಂಟಿಲ್ದೇ ಮಲಗತ್ತೆ, ಆದ್ರೂ ಪೇಟೆಗೆ ಬಂದಾಗ ಎಪಿಸೋಡು ಡೌನ್‌ಲೋಡ್ ಮಾಡ್ಕಂಡು ಹೋಗಿ ಗೇಮ್ ಆಫ್ ಥ್ರೋನ್ಸ್ ಮುಗಿಸಿದವ್ರು ನಮ್ಮಲ್ಲಿದ್ದಾರೆ. 2011ರಿಂದ ಸತ್ತವರ ಸೈನ್ಯ ಬರತ್ತೆ ಬರತ್ತೆ ಅಂತ ಹೇಳಿ 2019ರಲ್ಲಿ ಒಂದೇ ರಾತ್ರಿಯ ಯುದ್ಧದಲ್ಲಿ ಅದನ್ನ ಮುಗಿಸಿದ್ದಕ್ಕೆ, ಕೊನೇ ಸೀಸನ್ ಒಟ್ಟು ಗಡಿಬಿಡಿ ಮಾಡಿದ್ದಕ್ಕೆ ಜಗತ್ತಿನಾದ್ಯಂತ 10 ಲಕ್ಷಕ್ಕೂ ಹೆಚ್ಚು ಜನ ಮತ್ತೆ ತೆಗೀರಿ ಅಂತ ಮನವಿಗೆ ಸಹಿ ಹಾಕಿದ್ರು. ಆ ಸಿಟ್ಟು ನನಗೆ ಪೂರ್ತಿ ಅರ್ಥ ಆಗತ್ತೆ, ಎಂಟು ವರ್ಷ ಹೆದರಿಸಿದ್ದಕ್ಕೆ ಒಂದು ಗೌರವ ಬೇಕಲ್ವಾ. ಇದ್ರ ಜೊತೆ ಕನ್ನಡದ ಪ್ರಶ್ನೆಯೂ ಇತ್ತು, ದಶಕಗಳ ಕಾಲ ಡಬ್ಬಿಂಗ್ ಬೇಡ ಅನ್ನೋ ಕಟ್ಟುಪಾಡು, 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ್ಮೇಲೆ ಅದು ಸಡಿಲಾಯ್ತು, ಆದ್ರೂ ಹೊರಗಿನ ಒಳ್ಳೇ ಹಾರರ್ ಕನ್ನಡದಲ್ಲಿ ಸಿಗೋದು ಇನ್ನೂ ಕಮ್ಮಿ.

ಕಾಂತಾರ ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ. ದೈವದ ಕೂಗು ಥಿಯೇಟರಲ್ಲಿ ಮೈ ಜುಮ್ ಅನ್ಸಿದ್ದು ನಿಜ, ಹೊರಗಿನ ಕೆಲವರು ಅದನ್ನ ಹಾರರ್ ಪಟ್ಟಿಗೆ ಸೇರಿಸಿದ್ರು, ಕರಾವಳಿಯವ್ರು ಒಪ್ಪಲಿಲ್ಲ. ಸಿನಿಮಾದಲ್ಲಿರೋ ಕೋಲ, ಅಂದ್ರೆ ದೈವ ಮೈಮೇಲೆ ಬರೋ ಆಚರಣೆ, ನಡೆಯೋದು ನಮಗಿಂತ ದಕ್ಷಿಣದ ತುಳುನಾಡಿನಲ್ಲಿ, ನಮ್ಮ ಆಚರಣೆ ಬೇರೆ, ಆದ್ರೆ ಜಟ್ಟಿಗನ ಕಟ್ಟೆಗೆ ಕಾಯಿ ಒಡೆಯೋನಿಗೆ ದೈವವನ್ನ ದೆವ್ವ ಅಂದ್ರೆ ಆಗೋ ನೋವು ತಕ್ಷಣ ಗೊತ್ತಾಗತ್ತೆ. ದೈವದ ವೇಷ ಹಾಕ್ಕೊಂಡು ಅನುಕರಣೆ ಮಾಡೋದು ಜಾಸ್ತಿಯಾಗಿ 2025ರಲ್ಲಿ ಎರಡನೇ ಸಿನಿಮಾ ಬಂದಾಗ ನಿರ್ಮಾಣ ಸಂಸ್ಥೆಯೇ ಹಾಗೆ ಮಾಡ್ಬೇಡಿ ಅಂತ ಕೇಳ್ಕೊಳ್ತು, ಅದೇ ವರ್ಷದ ಕೊನೆಗೆ ನಮ್ಮ ಕಾರವಾರದ ಪಕ್ಕದ ಗೋವಾದಲ್ಲಿ ಚಿತ್ರೋತ್ಸವದ ವೇದಿಕೆ ಮೇಲೆ ಹಿಂದಿ ನಟರೊಬ್ಬರು ಅದನ್ನ ನಕಲು ಮಾಡಿ ಆಮೇಲೆ ಕ್ಷಮೆ ಕೇಳ್ಬೇಕಾಯ್ತು. ನಮ್ಮ ದೇವರನ್ನ ಹೆದರಿಸೋ ವಸ್ತು ಮಾಡೋದಾದ್ರೆ ಮಾಡೋರಿಗೆ ಆ ಕಟ್ಟೆ ಎದುರು ಒಂದಿನ ಕೂತು ಗೊತ್ತಿರಬೇಕು ಅನ್ನೋದಷ್ಟೇ ಇಲ್ಲಿನವ್ರ ಮಾತು.

ಈಗ ಹಾರರ್ ಹುಚ್ಚಿನವ್ರು ನಾಲ್ಕು ಜನ ಸೇರಿದ್ರೆ ಬರೋ ಮಾತು ನಮ್ಮ ಜಿಲ್ಲೆಯದ್ದೇ ಒಂದು ಕಥೆ ಯಾಕೆ ಇನ್ನೂ ಬಂದಿಲ್ಲ ಅಂತ. ಜಾಗಕ್ಕೆ ಬರ ಇಲ್ಲ, ಮಿರ್ಜಾನ್ ಕೋಟೆ ಇದೆ, ಕಾಡೊಳಗೆ ಗೇರುಸೊಪ್ಪೆಯ ಬಸದಿ ಇದೆ, ಎಲ್ಲಕ್ಕಿಂತ ಮಿಗಿಲಾಗಿ ಸೂಪಾ ಇದೆ. ಕಾಳಿ ನದಿಗೆ ಅಣೆಕಟ್ಟು ಕಟ್ಟಿ ಒಂದು ತಾಲೂಕಿನ ಪೇಟೆಯನ್ನೇ ಮುಳುಗಿಸಿದ್ರು, ಮನೆ ಅಂಗಡಿ ಗದ್ದೆ ಎಲ್ಲ ನೀರೊಳಗೆ, ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಇದನ್ನ ಸಿನಿಮಾ ಮಾಡೋದಾದ್ರೆ ದೆವ್ವ ಬೇಡ, ಮುಳುಗಡೆಯೇ ಸಾಕು ಅಂತ ಕೆಲವರು, ದೆವ್ವ ತಂದ್ರೆ ಊರು ಕಳ್ಕೊಂಡವ್ರ ಸಂಕಟ ಹಗುರ ಆಗತ್ತೆ ಅಂತ ಅವರ ವಾದ. ನಾನು ಒಪ್ಪಲ್ಲ. ಊರವ್ರಿಗೆ ಪರಿಹಾರ ಅಂತ ಏನೋ ಒಂದು ಕೊಟ್ರು, ಬನದೊಳಗೆ ಇದ್ದ ದೇವರಿಗೆ ಎಂತ ಕೊಟ್ರು ಅನ್ನೋ ಪ್ರಶ್ನೆ ಕೇಳೋಕಾಗೋದು ಹಾರರ್ ಸಿನಿಮಾಕ್ಕೆ ಮಾತ್ರ, ಅಲ್ಲಿ ನೀರಿನ ಕೆಳಗೆ ಒಂದು ಚೌಡಿ ನಿಜವಾಗ್ಲೂ ಇರಬೇಕು, ಕ್ಲೈಮ್ಯಾಕ್ಸ್‌ನಲ್ಲಿ ಯಾವ ಡಾಕ್ಟರೂ ಬಂದು ಅವಳು ಇಲ್ಲ ಅನ್ನಬಾರದು.