ಅಖ್ರಾ, ಹಾಕಿ ಮತ್ತು ಒಂದು ಹೋತ

ಬಹುಮಾನ ಒಂದು ಹೋತ. ಭತ್ತ ಕೊಯ್ದು ಒಣಗಿದ ಗದ್ದೆಯೇ ಮೈದಾನ. ಆಡುವವರಲ್ಲಿ ಎಷ್ಟೋ ಮಂದಿಯ ಕಾಲಿಗೆ ಬೂಟಿಲ್ಲ. ಕೈಯಲ್ಲಿರುವುದು ಬಿದಿರನ್ನೋ ಬಾಗಿದ ಕೊಂಬೆಯನ್ನೋ ಕಡಿದು ಮಾಡಿಕೊಂಡ ಸ್ಟಿಕ್ಕು. ಬಿದಿರಿನ ಬೇರನ್ನು ಕೆತ್ತಿ ಚೆಂಡು ಮಾಡುತ್ತಿದ್ದ ಕಾಲವೂ ಇತ್ತು. ಗೆದ್ದ ತಂಡ ಹೋತವನ್ನು ಊರಿಗೆ ಒಯ್ಯುತ್ತದೆ. ಬೇಯಿಸಿ ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ.

ಖಸ್ಸಿ ಅಂದರೆ ಬೀಜ ಒಡೆಸಿದ ಹೋತ. ಝಾರ್ಖಂಡಿನ ಸಿಮ್ಡೇಗಾ, ಖೂಂಟಿ, ಗುಮ್ಲಾ ಕಡೆ, ಪಕ್ಕದ ಒಡಿಶಾದ ಸುಂದರ್‌ಗಢದಲ್ಲಿ ಈ ಆಟಕ್ಕೆ ಖಸ್ಸಿ ಪಂದ್ಯಾವಳಿ ಎಂದೇ ಹೆಸರು. ಮುಂಡಾ, ಉರಾಂವ್, ಖಡಿಯಾ ಆದಿವಾಸಿಗಳ ಸೀಮೆ ಇದು. ಭಾರತ ತಂಡದ ನಾಯಕಿಯಾದ ಸಲೀಮಾ ಟೇಟೆ ಹಾಕಿ ಕಲಿತದ್ದು ಇಂಥ ಗದ್ದೆಗಳಲ್ಲೇ.

ಈ ಸೀಮೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ 'ಪ್ರತಿಭೆಗಳ ಗಣಿ' ಅಂತ ಬರೆಯುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಗಣಿ ಅಂದರೆ ಅಗೆದುಕೊಂಡು ಹೋಗುವ ಜಾಗ ಅಲ್ವಾ? ಕಲ್ಲಿದ್ದಲು, ಕಬ್ಬಿಣದ ಅದಿರನ್ನು ಆ ನೆಲದಿಂದ ಹಾಗೇ ಅಗೆದುಕೊಂಡು ಹೋಗಿದ್ದಾರೆ. ಅಲ್ಲಿನ ಆಟ, ಕುಣಿತ, ಹಾಡುಗಳಿಂದ ಆಟಗಾರರಷ್ಟೇ ಹುಟ್ಟಲಿಲ್ಲ. ಮುಂದೆ ನಿಂತು ಮಾತಾಡುವ ಜನ ಹುಟ್ಟಿದರು. ಆ ಕಥೆ ಹಾಕಿಗಿಂತ ಹಳೆಯದು.

ಮೊದಲಿದ್ದದ್ದು ಅಖ್ರಾ. ನಾವು ಕನ್ನಡದಲ್ಲಿ ಅಖಾಡ ಅಂದ ಕೂಡಲೇ ಕುಸ್ತಿಯೋ ಚುನಾವಣೆಯೋ ನೆನಪಾಗುತ್ತದೆ. ಅಲ್ಲಿನ ಅಖ್ರಾ ಊರ ನಡುವಿನ ಬಯಲು, ಕುಣಿಯುವ ಜಾಗ. ಊರ ಮಾತುಕತೆ ನಡೆಯುವುದೂ ಅಲ್ಲೇ. ವಸಂತದಲ್ಲಿ ಸಾಲ್ ಮರ ಹೂ ಬಿಟ್ಟಾಗ ಸರ್ಹುಲ್ ಹಬ್ಬ. ಭಾದ್ರಪದ ಏಕಾದಶಿಗೆ ಕರಮ್ ಹಬ್ಬ. ಕರಮ್ ಮರದ ಕೊಂಬೆಯನ್ನು ತಂದು ಅಖ್ರಾದಲ್ಲಿ ನೆಡುತ್ತಾರೆ. ಹುಡುಗಿಯರು ಬುಟ್ಟಿಯ ಮರಳಿನಲ್ಲಿ ಕಾಳು ಮೊಳೆಸಿ ತರುತ್ತಾರೆ. ಮಾಂದರ್, ನಗಾರಿಗಳ ಸದ್ದಿಗೆ ತೋಳಿಗೆ ತೋಳು ಹೆಣೆದು ರಾತ್ರಿಯಿಡೀ ಕುಣಿತ. ಒಬ್ಬರು ಹಾಡೆತ್ತಿದರೆ ಉಳಿದವರು ಹಿಡಿದುಕೊಳ್ಳುತ್ತಾರೆ. ಹೆಜ್ಜೆ ಬಾರದವರೂ ಸಾಲಿಗೆ ಸೇರಿ, ಪಕ್ಕದವರ ತೋಳಿನ ಎಳೆತದಲ್ಲೇ ಹೆಜ್ಜೆ ಕಲಿಯುತ್ತಾರೆ. ಸುಮ್ನೆ ಕೂತು ನೋಡುವುದಕ್ಕೆ ಅಲ್ಲಿ ಜಾಗವೇ ಕಡಿಮೆ.

ಇದರ ಜತೆಗೆ ಯುವಕರ ಮನೆಗಳಿದ್ದವು. ಉರಾಂವರಲ್ಲಿ ಧುಮ್‌ಕುಡಿಯಾ, ಮುಂಡಾಗಳಲ್ಲಿ ಗಿತಿಓಡಾ. ಮದುವೆಗೆ ಮುಂಚಿನ ಹುಡುಗ ಹುಡುಗಿಯರು ಸಂಜೆ ಸೇರಿ ಹಾಡು, ಕಥೆ, ಬೇಟೆ, ಬೇಸಾಯದ ಕೆಲಸ, ಊರ ನಡವಳಿಕೆ ಕಲಿಯುತ್ತಿದ್ದರು. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುತ್ತಿದ್ದರು. ರಾಂಚಿಯ ಶರತ್‌ಚಂದ್ರ ರಾಯ್ 1910ರ ದಶಕದಲ್ಲಿ ಇದನ್ನೆಲ್ಲ ವಿವರವಾಗಿ ಬರೆದಿಟ್ಟಿದ್ದಾರೆ. ಆದರೆ ಮಿಷನರಿಗಳಿಗೆ ಈ ಮನೆಗಳೂ ರಾತ್ರಿಯ ಕುಣಿತವೂ ಇಷ್ಟವಾಗಲಿಲ್ಲ. ಒಂದೊಂದೇ ಊರಿನಲ್ಲಿ ಧುಮ್‌ಕುಡಿಯಾ ಮುಚ್ಚುತ್ತಾ ಬಂತು.

ಅದೇ ಮಿಷನ್ ಶಾಲೆಗಳ ಅಂಗಳದಲ್ಲಿ ಹಾಕಿ ಬಂತು. ಒಂದು ಕೈಯಲ್ಲಿ ಕಿತ್ತುಕೊಂಡವರೇ ಇನ್ನೊಂದು ಕೈಯಲ್ಲಿ ಕೊಟ್ಟರು ಅಂತ ಹೇಳಿ ಸುಲಭವಾಗಿ ಮುಗಿಸಬಹುದು. ನಿಜವಾಗಿ ದೊಡ್ಡ ಕೆಲಸ ಮಾಡಿದ್ದು ಊರಿನ ಜನ. ಶಾಲೆಯ ಆಟವನ್ನು ಗದ್ದೆಗೆ ತಂದರು. ಬಹುಮಾನಕ್ಕೆ ಹೋತ ಕಟ್ಟಿದರು. ಆಟವನ್ನು ತಮ್ಮದೇ ಮಾಡಿಕೊಂಡರು.

ಬ್ರಿಟಿಷರ ವಿರುದ್ಧ ಬಂಡೆದ್ದ ಬಿರ್ಸಾ ಮುಂಡಾ ರಾಂಚಿಯ ಜೈಲಿನಲ್ಲಿ ಸತ್ತದ್ದು 1900ರ ಜೂನ್ 9ರಂದು. ಮೂರು ವರ್ಷದ ನಂತರ ಖೂಂಟಿಯ ಹತ್ತಿರದ ಟಕ್ರಾ ಎಂಬ ಹಳ್ಳಿಯ ಮುಂಡಾ ಕುಟುಂಬದಲ್ಲಿ ಜೈಪಾಲ್ ಸಿಂಗ್ ಹುಟ್ಟಿದರು. ರಾಂಚಿಯ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿದರು. ಅಲ್ಲಿನ ಪಾದ್ರಿಯೊಬ್ಬರು ಅವರನ್ನು ಇಂಗ್ಲೆಂಡಿಗೆ ಕರೆದೊಯ್ದರು. ಆಕ್ಸ್‌ಫರ್ಡ್‌ನಲ್ಲಿ ಹಾಕಿ ಆಡಿ ಹೆಸರು ಮಾಡಿದರು. ಐಸಿಎಸ್‌ಗೆ ಅಂದರೆ ಬ್ರಿಟಿಷ್ ಸರ್ಕಾರದ ಉನ್ನತ ಆಡಳಿತ ಸೇವೆಗೆ ಆಯ್ಕೆಯಾದರು. ಆ ಹೊತ್ತಿಗೇ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ಗೆ ಭಾರತ ತಂಡದ ನಾಯಕತ್ವ ಸಿಕ್ಕಿತು.

ರಜೆ ಸಿಗಲಿಲ್ಲ. ಆದರೂ ಹೋದರು. ವಾಪಸು ಬಂದ ಮೇಲೆ ತರಬೇತಿಯಲ್ಲಿ ಇನ್ನೊಂದು ವರ್ಷ ಕಳೆಯಬೇಕು ಅಂದಾಗ ಐಸಿಎಸ್ಸನ್ನೇ ಬಿಟ್ಟರು. ಇಡೀ ದೇಶದ ಬುದ್ಧಿವಂತರು ಬಯಸುತ್ತಿದ್ದ ಕೆಲಸ ಅದು. ಆ ಸಲ ಭಾರತ ಐದು ಪಂದ್ಯಗಳಲ್ಲಿ 29 ಗೋಲು ಹೊಡೆದು, ಒಂದೂ ಗೋಲು ಬಿಟ್ಟುಕೊಡದೆ ಮೊದಲ ಹಾಕಿ ಚಿನ್ನ ಗೆದ್ದಿತು. ತಂಡದ ಒಳಗಿನ ಜಗಳದಿಂದಾಗಿ ಜೈಪಾಲ್ ಫೈನಲ್ ಆಡಲಿಲ್ಲ.

1939ರ ಜನವರಿಯಲ್ಲಿ ಅವರು ಆದಿವಾಸಿ ಮಹಾಸಭೆಯ ಅಧ್ಯಕ್ಷರಾದರು. ಜನ ಅವರನ್ನು ಮರಂಗ್ ಗೋಮ್ಕೆ ಅಂದರು. ದೊಡ್ಡ ನಾಯಕ ಅಂತ ಅರ್ಥ. 1946ರ ಡಿಸೆಂಬರ್ 19ರಂದು ಸಂವಿಧಾನ ಸಭೆಯಲ್ಲಿ ಎದ್ದು ನಿಂತು ತಾನು ಜಂಗ್ಲಿ ಎಂದು ಹೆಮ್ಮೆಯಿಂದ ಹೇಳಿಕೊಂಡರು. ಆದಿವಾಸಿಗಳಿಗೆ ನೀವು ಪ್ರಜಾಪ್ರಭುತ್ವ ಕಲಿಸಲಾರಿರಿ, ಅದನ್ನು ನೀವೇ ಅವರಿಂದ ಕಲಿಯಬೇಕು ಎಂದರು. ಆ ಮಾತು ಓದಿದಾಗಲೆಲ್ಲ ನನಗೆ ಅಖ್ರಾ ಕಣ್ಣೆದುರು ಬರುತ್ತದೆ. ಅವರು ಕಟ್ಟಿದ ಝಾರ್ಖಂಡ್ ಪಕ್ಷ 1952ರ ಚುನಾವಣೆಯಲ್ಲಿ, ಝಾರ್ಖಂಡ್ ಆಗ ಸೇರಿದ್ದ ಬಿಹಾರದ ಮುಖ್ಯ ವಿರೋಧ ಪಕ್ಷವಾಯಿತು. 1963ರಲ್ಲಿ ಅದು ಕಾಂಗ್ರೆಸ್ಸಿನಲ್ಲಿ ಕರಗಿಹೋಯಿತು. 1970ರಲ್ಲಿ ಜೈಪಾಲ್ ತೀರಿಕೊಂಡರು.

ಆಟ ಮಾತ್ರ ನಿಲ್ಲಲಿಲ್ಲ. ಮೈಕೆಲ್ ಕಿಂಡೊ 1975ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಸಿಲ್ವಾನಸ್ ಡುಂಗ್‌ಡುಂಗ್ 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದರು. ರಾಂಚಿಯ ಬರಿಯಾತು, ಒಡಿಶಾದ ಪಾನ್‌ಪೋಷ್, ಆಮೇಲೆ ಸಿಮ್ಡೇಗಾ, ಹೀಗೆ ಸರ್ಕಾರದ ಹಾಕಿ ಹಾಸ್ಟೆಲ್‌ಗಳು ಬಂದವು. ಬರಿಯಾತುವಿನಲ್ಲಿ ಕಲಿತ ಅಸುಂತಾ ಲಾಕ್ಡಾ ಭಾರತ ತಂಡದ ನಾಯಕಿಯಾದರು. ಸುಂದರ್‌ಗಢದ ದಿಲೀಪ್ ಟಿರ್ಕಿ 412 ಅಂತರರಾಷ್ಟ್ರೀಯ ಪಂದ್ಯ ಆಡಿ, ರಾಜ್ಯಸಭೆಗೆ ಹೋಗಿ, 2022ರಲ್ಲಿ ಹಾಕಿ ಇಂಡಿಯಾದ ಅಧ್ಯಕ್ಷರಾದರು.

ಹಾಸ್ಟೆಲ್‌ಗಳ ಉಪಕಾರ ಸಣ್ಣದಲ್ಲ. ಹೊಟ್ಟೆ ತುಂಬ ಊಟ, ಒಳ್ಳೆ ಸ್ಟಿಕ್ಕು, ಮುಂದೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ಕೆಲಸ. ಬಡ ಮನೆಗೆ ಇದು ದೊಡ್ಡ ಆಸರೆ. ಆದರೆ ಹಾಸ್ಟೆಲ್ ಆರಿಸಿಕೊಳ್ಳುವುದು ಒಬ್ಬಳನ್ನು. ಆಯ್ಕೆಯಾಗದ ಹುಡುಗಿಯರು ಏನಾದರು? ಸಿಮ್ಡೇಗಾ, ಗುಮ್ಲಾ, ಖೂಂಟಿಯಿಂದ ಏಜೆಂಟರು ಹುಡುಗಿಯರನ್ನು ದೆಹಲಿಗೆ ಮನೆಗೆಲಸಕ್ಕೆ ಸಾಗಿಸುವ ದಂಧೆ ವರ್ಷಗಳಿಂದ ನಡೆದಿದೆ. ಆ ಸಾಗಣೆ ಮತ್ತು ಈ ಹಾಕಿ ಒಂದೇ ಜಿಲ್ಲೆಗಳ ಕಥೆ ಎಂಬುದನ್ನು ನನಗೆ ಮರೆಯಲಾಗುವುದಿಲ್ಲ.

ಆಯ್ಕೆಯಾಗದೆ ಊರಲ್ಲಿ ಉಳಿದವರಿಗೆ ಏನು ಎಂಬ ಪ್ರಶ್ನೆಗೆ ಇನ್ನೊಂದು ಕಡೆಯಿಂದ ಉತ್ತರ ಹುಡುಕಿದವರು ರಾಮ್‌ದಯಾಳ್ ಮುಂಡಾ. ರಾಂಚಿ ಹತ್ತಿರದ ದಿಉಡಿ ಹಳ್ಳಿಯವರು. ಶಿಕಾಗೋದಲ್ಲಿ ಭಾಷಾಶಾಸ್ತ್ರ ಓದಿ, ಅಮೆರಿಕದಲ್ಲೇ ಪಾಠ ಹೇಳುತ್ತಿದ್ದರು. 1980ರ ದಶಕದ ಶುರುವಿನಲ್ಲಿ ಕೆಲಸ ಬಿಟ್ಟು ಊರಿಗೆ ಬಂದು ರಾಂಚಿ ವಿಶ್ವವಿದ್ಯಾಲಯದ ಆದಿವಾಸಿ ಮತ್ತು ಪ್ರಾದೇಶಿಕ ಭಾಷೆಗಳ ವಿಭಾಗ ಕಟ್ಟಿದರು. ಮುಂದೆ ಕುಲಪತಿಯೂ ಆದರು. ಕೊಳಲು ಊದುತ್ತಿದ್ದರು, ನಗಾರಿ ಬಾರಿಸುತ್ತಿದ್ದರು, ವಿದ್ಯಾರ್ಥಿಗಳ ಜತೆ ಕುಣಿಯುತ್ತಿದ್ದರು. 'ಜೇ ನಾಚೀ ಸೇ ಬಾಂಚೀ' ಎನ್ನುತ್ತಿದ್ದರು. ಕುಣಿದವರು ಉಳಿಯುತ್ತಾರೆ ಅಂತ.

ಅಲ್ಲಿಯವರೆಗೆ ಆದಿವಾಸಿ ಕುಣಿತ ಅಂದರೆ ಮಂತ್ರಿಗಳು ಬಂದಾಗ ಸ್ವಾಗತಕ್ಕೆ ಸಾಲು ನಿಲ್ಲಿಸುವುದು. ಊರಲ್ಲಿ ಮುಂಡಾರಿ, ಕುಡುಖ್ ಮಾತಾಡುವ ಹುಡುಗ ಪೇಟೆಗೆ ಬಂದರೆ ಹಿಂದಿಯಲ್ಲಿ ಪಿಸುಗುಟ್ಟುತ್ತಿದ್ದ. ಅಂಥವನಿಗೆ ತನ್ನ ಮಾತಿನಲ್ಲೇ ಪದವಿ ಪಡೆಯಬಹುದು, ತನ್ನ ಕುಣಿತವನ್ನು ತಲೆಯೆತ್ತಿ ಕುಣಿಯಬಹುದು ಅನ್ನಿಸಿದ್ದು ಸಣ್ಣ ಸಂಗತಿಯೇ? ಆ ವಿಭಾಗದ ಹುಡುಗರು ಪ್ರತ್ಯೇಕ ರಾಜ್ಯ ಕೇಳುವ ಝಾರ್ಖಂಡ್ ಚಳವಳಿಗೆ ಇಳಿದರು. 2000ದ ನವೆಂಬರ್ 15ರಂದು, ಬಿರ್ಸಾ ಹುಟ್ಟಿದ ದಿನವೇ, ಹೊಸ ರಾಜ್ಯ ಬಂತು.

ರಾಂಚಿ ಹೊರವಲಯದ ಹಳ್ಳಿಗಳಲ್ಲಿ 2009ರಲ್ಲಿ ಶುರುವಾದ ಯುವಾ ಸಂಸ್ಥೆಯ ಕೆಲಸ ಹಾಸ್ಟೆಲ್‌ಗಿಂತ ಬೇರೆ ದಾರಿ ಹಿಡಿಯಿತು. ಆಟ ಫುಟ್‌ಬಾಲ್. ಒಳ್ಳೆಯ ಆಟಗಾರ್ತಿಯನ್ನು ಆರಿಸಿ ಒಯ್ಯುವ ಬದಲು, ಊರಿನ ಹುಡುಗಿಯರೇ ತಂಡ ಕಟ್ಟಿ, ದೊಡ್ಡವರಾದ ಮೇಲೆ ಚಿಕ್ಕವರಿಗೆ ಕೋಚ್ ಆಗುತ್ತಾರೆ. ಧುಮ್‌ಕುಡಿಯಾ ನೆನಪಾಗಲಿಲ್ಲವೇ? 2013ರಲ್ಲಿ ಇಲ್ಲಿನ ಹುಡುಗಿಯರು ಸ್ಪೇನ್‌ಗೆ ಆಡಲು ಹೊರಟರು. ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರ ಬೇಕು. ಕೇಳಲು ಪಂಚಾಯ್ತಿ ಕಚೇರಿಗೆ ಹೋದಾಗ ಕಪಾಳಕ್ಕೆ ಹೊಡೆದರು, ಕಸ ಗುಡಿಸಲು ಹಚ್ಚಿದರು ಎಂದು ಅವರು ಆಮೇಲೆ ಹೇಳಿದರು. ಆದರೂ ಹೋದರು. ಗಸ್ತೈಜ್ ಕಪ್‌ನಲ್ಲಿ ಮೂರನೇ ಸ್ಥಾನ ತಂದರು. ಹೊಡೆತ ತಿಂದದ್ದನ್ನು ಬಾಯಿಬಿಟ್ಟು ಹೇಳಿದರಲ್ಲ, ನನಗೆ ಆ ಕಪ್ಪಿಗಿಂತ ಅದು ದೊಡ್ಡದಾಗಿ ಕಾಣುತ್ತದೆ.

ಈ ಕಥೆಯ ಒಂದು ತುಂಡು ನಮ್ಮ ಬೆಂಗಳೂರಿನಲ್ಲೂ ಇದೆ. ಭಾರತ ಮಹಿಳಾ ಹಾಕಿ ತಂಡದ ಶಿಬಿರ ನಡೆಯುವುದು ಇಲ್ಲಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ. 2020ರ ಲಾಕ್‌ಡೌನ್‌ನಲ್ಲಿ ತಂಡ ತಿಂಗಳುಗಟ್ಟಲೆ ಅಲ್ಲೇ ಉಳಿಯಿತು. ಕೋಣೆಯಲ್ಲೇ ವ್ಯಾಯಾಮದ ಸವಾಲು ಹಾಕಿಕೊಂಡು, ಬಡವರಿಗೆ, ವಲಸೆ ಕಾರ್ಮಿಕರಿಗೆ ಅಂತ 20 ಲಕ್ಷ ರೂಪಾಯಿ ಕೂಡಿಸಿತು. ಮರುವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿ ಖೂಂಟಿಯ ನಿಕ್ಕಿ ಪ್ರಧಾನ್, ಸಿಮ್ಡೇಗಾದ ಸಲೀಮಾ ಇಬ್ಬರೂ ಇದ್ದರು. 2024ರಲ್ಲಿ ಸಲೀಮಾ ನಾಯಕಿಯಾದರು.

ರಾಂಚಿಯ ಹಾಕಿ ಸ್ಟೇಡಿಯಂಗೆ ಈಗ ಮರಂಗ್ ಗೋಮ್ಕೆ ಜೈಪಾಲ್ ಸಿಂಗ್ ಹೆಸರಿದೆ. ನೀಲಿ ಟರ್ಫ್, ರಾತ್ರಿಗೆ ದೀಪ. ಹಳ್ಳಿಯ ಮಕ್ಕಳು ಇನ್ನೂ ಗದ್ದೆಯಲ್ಲೇ ಆಡುತ್ತಾರೆ. ಮಳೆ ಬಿದ್ದು ನೇಗಿಲು ಹೂಡಿದರೆ ಆ ಮೈದಾನ ಅಲ್ಲಿಗೆ ಮುಗಿಯಿತು. ನಾಟಿ ಮುಗಿದು ಭಾದ್ರಪದ ಬಂದರೆ ಅದೇ ಮಕ್ಕಳು ಅಖ್ರಾದಲ್ಲಿರುತ್ತಾರೆ, ತೋಳಿಗೆ ತೋಳು ಹೆಣೆದು.