ಬೂಷ್ಟು ಹಿಡಿದ ಹುಳ ಸಾಯುತ್ತೆ, ನಾನು ಹೊಡೆದ ಬೂಷ್ಟಿಗೆ ಯಾಕೆ ಸಾಯಲಿಲ್ಲ?

ಓದುಗರ ಪ್ರಶ್ನೆ: ನಮ್ಮದು ಜಗಳೂರು ಕಡೆ, ಎರಡೂವರೆ ಎಕರೆ ಮೆಕ್ಕೆಜೋಳ. ಜಿಟಿಜಿಟಿ ಮಳೆ ಹಿಡಿದಾಗ ಸುಳಿಯೊಳಗೆ ಕೆಲವು ಸೈನಿಕ ಹುಳ ತಾವಾಗೇ ಬಿಳಿ ಬೂಷ್ಟು ಹಿಡಿದು ಸತ್ತಿರ್ತವೆ. ಅದೇ ಬೂಷ್ಟಿನ ಪುಡಿ ಅಂತ ಅಂಗಡಿಯಲ್ಲಿ ಕೊಟ್ಟಿದ್ದನ್ನು ತಂದು ಹೊಡೆದೆ. ಮೂರು ದಿನ ನೋಡಿದೆ, ಒಂದೂ ಸಾಯಲಿಲ್ಲ. ಇದು ನಿಜವಾಗ್ಲೂ ಕೆಲಸ ಮಾಡುತ್ತಾ ಸರ್?

ಮಾಡುತ್ತೆ. ಆದರೆ ಮೂರು ದಿನದಲ್ಲಿ ಅಲ್ಲ. ಕೀಟನಾಶಕದ ಎಣ್ಣೆ ಹೊಡೆದ ಹಾಗೆ ಹೊಡೆದರೂ ಅಲ್ಲ.

ಮೊದಲು ನಿಮ್ಮ ಹೊಲದಲ್ಲಿ ಸತ್ತ ಹುಳವನ್ನೇ ನೋಡೋಣ. ಅಂಥದೊಂದನ್ನು ನಾನೂ ತಂದು, ಒದ್ದೆ ಹತ್ತಿ ಹಾಕಿದ ಸಣ್ಣ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. (ಅಡುಗೆಮನೆಯ ಡಬ್ಬಿ ಅಂತ ಗೊತ್ತಾದ ಮೇಲೆ ಮನೆಯಲ್ಲಿ ಏನಾಯಿತು ಅನ್ನೋದು ಇಲ್ಲಿ ಬೇಡ.) ತಂದಾಗ ಮೈಯೆಲ್ಲ ಸೆಟೆದು ಒಣಕಡ್ಡಿಯಂತಿತ್ತು. ಆಮೇಲೆ ಮೈಯ ಉಂಗುರಗಳ ಸಂದಿಯಿಂದ ಬಿಳಿ ನೂಲು ಹೊರಟು ಹುಳವನ್ನೇ ಮುಚ್ಚಿತು. ಇನ್ನೆರಡು ದಿನಕ್ಕೆ ಆ ಬಿಳುಪಿನ ಮೇಲೆ ತಿಳಿಹಸಿರು ಹಿಟ್ಟು ಉದುರಿಸಿದಂತಾಯಿತು. ಆ ಹಿಟ್ಟೇ ಬೀಜಕಣ. ಹೀಗೆ ಹಸಿರಿಗೆ ತಿರುಗುವುದು ಮೆಟರೈಜಿಯಂ ರಿಲೆ ಎಂಬ ಶಿಲೀಂಧ್ರದ ಗುರುತು. ಹಳೆಯ ಹೆಸರು ನೊಮುರಿಯಾ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಸೋಯಾ ಬೆಳೆಯ ಎಲೆ ತಿನ್ನುವ ಹುಳಕ್ಕೆ ಇದನ್ನು ಮೊದಲಿಂದ ಹೇಳುತ್ತಾ ಬಂದಿದ್ದಾರೆ. ಮೆಕ್ಕೆಜೋಳದ ಈ ಸೈನಿಕ ಹುಳ (ಫಾಲ್ ಆರ್ಮಿವರ್ಮ್) ನಮ್ಮ ದೇಶದಲ್ಲಿ ಮೊದಲು ಪತ್ತೆಯಾಗಿದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲೇ. ಹುಳ ಹೊರಗಿನದು, ಅದನ್ನು ಕೊಲ್ಲುವ ಬೂಷ್ಟು ಮೊದಲೇ ನಮ್ಮ ಹೊಲದಲ್ಲಿತ್ತು.

ಈಗ ಕೊಲ್ಲುವ ಬಗೆ. ಇದು ಹೊಟ್ಟೆಗೆ ಹೋಗಬೇಕಾದ ವಿಷವಲ್ಲ. ಬೀಜಕಣ ಹುಳದ ಚರ್ಮಕ್ಕೆ ಅಂಟಬೇಕು, ಅಲ್ಲೇ ಮೊಳೆಯಬೇಕು, ಚರ್ಮವನ್ನು ಕರಗಿಸುತ್ತಾ ಕೊರೆದು ಒಳಗಿಳಿಯಬೇಕು. ಎಲೆ ತಿನ್ನದೆ ರಸ ಹೀರುವ ಕೀಟಕ್ಕೂ ಶಿಲೀಂಧ್ರ ತಗಲುವುದು ಇದರಿಂದಲೇ. ಒಳಗೆ ಹೋದದ್ದು ರಕ್ತದಲ್ಲಿ ಬೆಳೆದು, ಮೈಯ ಸಾರ ಹೀರಿ, ವಿಷವನ್ನೂ ಬಿಡುತ್ತದೆ. ಹುಳ ಮೊದಲು ಮೇವು ಬಿಡುತ್ತದೆ, ಆಮೇಲೆ ಸಾಯುತ್ತದೆ. ಇದಕ್ಕೆಲ್ಲ ಐದರಿಂದ ಹತ್ತು ದಿನ ಬೇಕು. ನೀವು ಮೂರನೇ ದಿನವೇ ತೀರ್ಪು ಕೊಟ್ಟಿರಿ!

ಇನ್ನೊಂದು ತೊಡಕಿದೆ. ಬೀಜಕಣ ಮೊಳೆತು ಒಳಗಿಳಿಯುವ ಮೊದಲೇ ಹುಳ ಪೊರೆ ಬಿಟ್ಟರೆ, ಪೊರೆಯ ಜೊತೆ ಕಣವೂ ಹೋಯಿತು. ಮೊಳೆಯಲು ಗಾಳಿಯಲ್ಲಿ ಒಳ್ಳೆಯ ತೇವ ಬೇಕು. ನೇರ ಬಿಸಿಲು ಬಿದ್ದರೆ ಕೆಲವೇ ಗಂಟೆಯಲ್ಲಿ ಕಣ ಸತ್ತಿತು. ನ್ಯಾಮತಿ, ಹೊನ್ನಾಳಿ ಕಡೆ ಸೋನೆ ಹಿಡಿದ ವಾರದಲ್ಲಿ ನಡೆಯುವುದು ಜಗಳೂರು, ಚಳ್ಳಕೆರೆಯ ಒಣಗಾಳಿಗೆ ನಡೆಯುವುದಿಲ್ಲ. ಅಂಗಡಿಯವರು ಇದನ್ನು ಹೇಳುವುದು ಕಡಿಮೆ. ಪ್ಯಾಕೆಟ್ಟನ್ನು ಬಿಸಿಲು ಬೀಳುವ ಶೆಲ್ಫಿನಲ್ಲಿ ಜೋಡಿಸಿಟ್ಟ ಅಂಗಡಿಯನ್ನೂ ನೋಡಿದ್ದೇನೆ. ಅಂಥಾ ಕಡೆ ತಂದದ್ದರಲ್ಲಿ ಜೀವ ಎಷ್ಟು ಉಳಿದಿರುತ್ತದೆ ಹೇಳಿ?

ತೇವ ಎಷ್ಟು ಮುಖ್ಯ ಅನ್ನುವುದನ್ನು ರೇಷ್ಮೆಯವರನ್ನು ಕೇಳಿ. ಮೊಳಕಾಲ್ಮುರು ಕಡೆ ಹುಳು ಸಾಕುವವರಿಗೆ ಸುಣ್ಣಕಟ್ಟು ರೋಗ ಅಂದರೆ ಎದೆ ಝಲ್ಲೆನ್ನುತ್ತದೆ. ಸತ್ತ ರೇಷ್ಮೆಹುಳು ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಗಟ್ಟಿಯಾಗುತ್ತದೆ. ಇದನ್ನು ತರುವುದು ಬ್ಯುವೇರಿಯಾ ಬ್ಯಾಸಿಯಾನಾ. ಹೌದು, ಪ್ಯಾಕೆಟ್ಟಿನಲ್ಲಿ ಜೈವಿಕ ಕೀಟನಾಶಕ ಅಂತ ಮಾರುವುದೂ ಅದೇ. ಇಟಲಿಯ ಅಗೊಸ್ಟಿನೊ ಬಾಸಿ 1835ರಲ್ಲಿ, ರೇಷ್ಮೆಹುಳುವಿನ ಈ ರೋಗ ಕಣ್ಣಿಗೆ ಕಾಣದ ಜೀವಿಯಿಂದ ಹರಡುತ್ತದೆ ಎಂದು ತೋರಿಸಿದ. ಶಿಲೀಂಧ್ರಕ್ಕೆ ಅವನದೇ ಹೆಸರು. ಸಾಕುವವರು ಮಳೆ, ಚಳಿಯ ದಿನಗಳಲ್ಲಿ ಹಾಸಿಗೆಗೆ ಸುಣ್ಣದ ಪುಡಿ ಹಾಕಿ ತೇವ ತೆಗೆಯುತ್ತಾರೆ. ಅವರು ಹೆದರಿ ಓಡಿಸುವ ತೇವವನ್ನೇ ನೀವು ಕಾದು ಹಿಡಿಯಬೇಕು. ಅಕ್ಕಪಕ್ಕದಲ್ಲಿ ಹಿಪ್ಪುನೇರಳೆ ತೋಟವೋ ರೇಷ್ಮೆ ಮನೆಯೋ ಇದ್ದರೆ ಬ್ಯುವೇರಿಯಾ ಮುಟ್ಟಲೇಬೇಡಿ. ಮೆಟರೈಜಿಯಂ ಕೂಡ ರೇಷ್ಮೆಹುಳುವಿಗೆ ತಗಲಬಲ್ಲದು.

ಹಾಗಾದರೆ ಹೊಡೆಯುವುದು ಹೇಗೆ? ಬಿತ್ತಿ 15ರಿಂದ 25 ದಿನದ ಪೈರು, ಹುಳ ಇನ್ನೂ ಸಣ್ಣದಿರಬೇಕು. ಬಲಿತ ಹುಳ ತನ್ನ ಲದ್ದಿಯನ್ನೇ ಬಾಗಿಲು ಮಾಡಿಕೊಂಡು ಸುಳಿಯ ತಳದಲ್ಲಿ ಕೂತಿರುತ್ತದೆ, ಅದಕ್ಕೆ ಇದು ತಲುಪುವುದಿಲ್ಲ. ರಿಲೆಯ ಬಳಗದ್ದೇ ಇನ್ನೊಂದು ಶಿಲೀಂಧ್ರವಾದ ಮೆಟರೈಜಿಯಂ ಅನೈಸೋಪ್ಲಿಯೆ ಪುಡಿಯಾದರೆ ಲೀಟರಿಗೆ 5 ಗ್ರಾಂ, ಅಂದರೆ 16 ಲೀಟರಿನ ಪಂಪಿಗೆ 80 ಗ್ರಾಂ. ಸಂಜೆ ಹೊತ್ತು ಇಳಿದ ಮೇಲೆ, ಎಲೆ ಮೇಲೆ ಎರಚದೆ ಸುಳಿಗೇ ಬಿಡಿ. ಸುಳಿಯೊಳಗೆ ನೆರಳೂ ಇದೆ, ಇಬ್ಬನಿಯೂ ನಿಲ್ಲುತ್ತದೆ. ಹತ್ತು ದಿನ ಬಿಟ್ಟು ಇನ್ನೊಂದು ಸಲ. ಅದೇ ಪಂಪಿಗೆ ಮ್ಯಾಂಕೋಜೆಬ್, ಕಾರ್ಬೆಂಡಜಿಮ್ ಸೇರಿಸಬೇಡಿ, ಅವು ಇರುವುದೇ ಶಿಲೀಂಧ್ರ ಕೊಲ್ಲಲು. ಪ್ಯಾಕೆಟ್ಟಿನ ಮೇಲಿನ ಅವಧಿ ಓದಿ, ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ನನ್ನನ್ನು ಕೇಳಿದರೆ, ನಮ್ಮ ಸೀಮೆಯಲ್ಲಿ ಈ ಶಿಲೀಂಧ್ರಕ್ಕೆ ಸರಿಯಾದ ಜಾಗ ಎಲೆಗಿಂತ ಮಣ್ಣು. ಚನ್ನಗಿರಿಯ ಅಡಿಕೆ ತೋಟದ ಬೇರುಹುಳಕ್ಕೆ, ತೆಂಗು ಕೊರೆಯುವ ರೈನೋಸಿರಸ್ ದುಂಬಿಯ ಮರಿಗಳು ತುಂಬಿದ ತಿಪ್ಪೆಗೆ ಮೆಟರೈಜಿಯಂ ಹಾಕಿದರೆ ಅಲ್ಲಿ ಬಿಸಿಲಿಲ್ಲ, ತೇವ ಆರುವುದಿಲ್ಲ. ಬೇರುಹುಳಕ್ಕಾದರೆ ಕೊಳೆತ ಗೊಬ್ಬರದಲ್ಲಿ ಕಲಸಿ, ಮುಂಗಾರು ಹಿಡಿದು ಮರಿಗಳು ಸಣ್ಣವಿರುವಾಗಲೇ ಬುಡಕ್ಕೆ ಕೊಡಬೇಕು. ಜಗಳೂರಿನ ಮೆಕ್ಕೆಜೋಳಕ್ಕೆ ಮಳೆ ಕೈಕೊಟ್ಟು ಗಾಳಿ ಒಣಗಿದ್ದರೆ ದುಡ್ಡು ಸುಮ್ಮನೆ ಕಳೆಯಬೇಡಿ, ಮೋಡ ಕವಿಯುವ ತನಕ ಕಾಯಿರಿ. ಹುಳ ಕೈಮೀರಿದ್ದರೆ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಬೇರೆ ಔಷಧಿ ಕೇಳಿ.

ಸುಳಿಯಲ್ಲಿ ಬೂಷ್ಟು ಹಿಡಿದು ಸತ್ತ ಹುಳಗಳನ್ನು ಮಾತ್ರ ಕಿತ್ತು ಬಿಸಾಡಬೇಡಿ. ಒಂದೊಂದರ ಮೈಮೇಲೂ ಲೆಕ್ಕವಿಲ್ಲದಷ್ಟು ಕಣ ಕೂತಿರುತ್ತವೆ. ಮುಂದಿನ ಸೋನೆಗೆ ಅವು ಪಕ್ಕದ ಗಿಡಕ್ಕೆ ಹೋಗುತ್ತವೆ, ಪುಕ್ಕಟೆ.