ಪರದೆಯ ಒಳಗೆ ಯಾರಿರಬೇಕು? ಅವಳನ್ನೇ ಕೇಳಿ

ಹೆಣ್ಣುಮಕ್ಕಳ ಒಳಪರೀಕ್ಷೆ ಮಾಡುವಾಗ ಡಾಕ್ಟರ್ ಜೊತೆ ಇನ್ನೊಬ್ಬ ಹೆಂಗಸು ಇರಬೇಕು ಅನ್ನುವುದು ಈಗ ಬಹಳಷ್ಟು ಜನರಿಗೆ ಗೊತ್ತು. ಆದರೆ ಆ ಹೆಂಗಸು ಯಾರಾಗಬೇಕು ಅಂತ ಮೇಜಿನ ಮೇಲೆ ಮಲಗುವವಳನ್ನು ಕೇಳುವವರು ಕಡಿಮೆ. ಕುಮಟಾದಲ್ಲಿ ಸ್ತ್ರೀರೋಗ ವೈದ್ಯೆಯಾಗಿ ಕೆಲಸ ಮಾಡುತ್ತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದು: ಜೊತೆಗೆ ಯಾರನ್ನೋ ನಿಲ್ಲಿಸಿದರೆ ಸಾಲದು, ಅವಳಿಗೆ ಬೇಕಾದವರನ್ನು ನಿಲ್ಲಿಸಬೇಕು.

ಹೊನ್ನಾವರದ ಕಡೆಯಿಂದ ಸೊಸೆಯನ್ನು ಕರೆದುಕೊಂಡು ಅತ್ತೆ ಬರುತ್ತಾರೆ. ಬಿಳಿ ಹೋಗುತ್ತದೆ, ಕಿಬ್ಬೊಟ್ಟೆ ನೋವು. "ಮುಟ್ಟು ಸರಿಯಾಗಿ ಆಗ್ತದ್ಯಾ?" ಅಂತ ನಾನು ಸೊಸೆಯನ್ನು ಕೇಳಿದರೆ "ಆಗ್ತದೆ ಡಾಕ್ಟ್ರೇ" ಅನ್ನುವುದು ಅತ್ತೆ. ಪರದೆ ಎಳೆದರೆ ಅವರೂ ಎದ್ದು ಒಳಗೆ ಬರುತ್ತಾರೆ. ಕಾಳಜಿಯಿಂದಲೇ ಬರುತ್ತಾರೆ, ಸಂಶಯವಿಲ್ಲ. "ಅಮ್ಮಾ, ಐದು ನಿಮಿಷ ಹೊರಗೆ ಕೂತಿರಿ, ಇಲ್ಲಿ ಸಿಸ್ಟರ್ ಇದ್ದಾರೆ" ಅನ್ನುತ್ತೇನೆ. ಎಲ್ಲರಿಗೂ ಇದೇ ಮಾತು. ಹಾಗಾಗಿ ಯಾರಿಗೂ ಬೇಜಾರಿಲ್ಲ. ಬಾಗಿಲು ಹಾಕಿದ ಮೇಲೆ ಹುಡುಗಿ ಸಣ್ಣ ದನಿಯಲ್ಲಿ ಹೇಳುತ್ತಾಳೆ: "ಮಾತ್ರೆ ತಗೊಂಡು ತೆಗೆಸ್ಕೊಂಡಿದ್ದೆ. ಮನೇಲಿ ಗೊತ್ತಿಲ್ಲ." ಆ ಒಂದು ಮಾತಿನಿಂದ ನಾನು ಹುಡುಕಬೇಕಾದ ಕಾಯಿಲೆಯೇ ಬೇರೆಯಾಗುತ್ತದೆ. ಅತ್ತೆ ಒಳಗಿದ್ದಿದ್ದರೆ ಅದು ಹೊರಗೆ ಬರುತ್ತಿರಲಿಲ್ಲ. ಗರ್ಭಪಾತಕ್ಕೆ 18 ದಾಟಿದ, ಮನಸ್ಸು ಸ್ವಸ್ಥವಿರುವ ಹೆಣ್ಣಿನ ಒಪ್ಪಿಗೆಯೊಂದೇ ಸಾಕು, ಗಂಡನದ್ದೂ ಬೇಡ ಅಂತ 1971ರ ಕಾನೂನೇ ಹೇಳುತ್ತದೆ. ಅವಳ ಗುಟ್ಟು ಕಾಯುವುದೂ ಡಾಕ್ಟರ್ ಹೊಣೆ.

ಹಾಗಂತ ಮನೆಯವರು ಯಾವತ್ತೂ ಹೊರಗೇ ಇರಬೇಕು ಅಂತಲ್ಲ. ಮೊದಲ ಸಲ ಪರೀಕ್ಷೆಗೆ ಬಂದ ಹುಡುಗಿ ಅಮ್ಮನ ಕೈ ಬಿಡುವುದಿಲ್ಲ. ಇನ್ನೊಬ್ಬಳಿಗೆ ಅಕ್ಕ ಬೇಕು. ಗಂಡ ಪಕ್ಕದಲ್ಲಿದ್ದರೇ ಧೈರ್ಯ ಅನ್ನುವವರೂ ಇದ್ದಾರೆ. ಮೊದಲು ಒಬ್ಬಳನ್ನೇ ಕೂರಿಸಿ ಕೇಳಬೇಕು, ಅಷ್ಟೇ. ಅಮ್ಮನ ಎದುರಿಗೆ "ಅಮ್ಮ ಇರಲಾ?" ಅಂತ ಕೇಳಿದರೆ ಯಾವ ಹುಡುಗಿ ಬೇಡ ಅಂತಾಳೆ?

ಇನ್ನು ಸಿಸ್ಟರ್ ವಿಷಯ. ದೊಡ್ಡ ಊರಿನಲ್ಲಿ ಸಿಸ್ಟರ್ ಅಂದರೆ ಪರಿಚಯವಿಲ್ಲದ ಯಾರೋ ಒಬ್ಬರು. ನಮ್ಮ ಕಡೆ ಹಾಗಲ್ಲ. ಅವರು ನಿಮ್ಮ ಕೇರಿಯವರೇ ಆಗಿರಬಹುದು, ನಾದಿನಿಯ ಗೆಳತಿ ಆಗಿರಬಹುದು. "ಆ ಆಯಾ ಬೇಡ ಡಾಕ್ಟ್ರೇ, ನಮ್ಮ ಮನೆ ಹತ್ರದವ್ರು" ಅಂತ ಪಿಸುಗುಟ್ಟಿದವರು ಎಷ್ಟೋ ಜನ. ಆಯಾ ಬಾಯಿ ಬಿಗಿ ಇರುವವರೇ. ಆದರೂ ನಾಳೆ ಜಾತ್ರೆಯಲ್ಲಿ ಎದುರಾಗುವ ಮುಖ ಈಗ ಇಲ್ಲಿ ಬೇಡ ಅನ್ನಿಸುವುದು ಸಹಜ. ನಾನು ಇನ್ನೊಬ್ಬರನ್ನು ಕರೆಯುತ್ತೇನೆ. ನಮ್ಮ ಸಿಸ್ಟರ್‌ಗಳು ಇದನ್ನು ಅವಮಾನ ಅಂದುಕೊಳ್ಳುವುದಿಲ್ಲ. ಭಾಷೆಯೂ ಮುಖ್ಯ. ಗರ್ಭಕೋಶ ಜಾರಿದ್ದನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು ಬಂದ ಕೊಂಕಣಿಯ ಅಜ್ಜಿಗೆ, ಕೊಂಕಣಿ ಬಲ್ಲ ಸಿಸ್ಟರ್ ತಲೆಯ ಹತ್ತಿರ ನಿಂತರೆ ಅರ್ಧ ಹೆದರಿಕೆ ಹೋಗುತ್ತದೆ.

ತಲೆಯ ಹತ್ತಿರ ಅಂದೆ. ಜೊತೆಗಿರುವವರ ಜಾಗ ಅದೇ. ಕಾಲಿನ ಕಡೆ ಅಲ್ಲ. ಅವರು ಮಲಗಿದವಳ ಮುಖ ನೋಡುತ್ತಿರಬೇಕು. ಅವಳಿಗೂ ಅವರ ಮುಖ ಕಾಣಬೇಕು. ಕೈಯಲ್ಲಿ ಮೊಬೈಲ್ ಇರಬಾರದು. ಸೀರೆ ಪೂರ್ತಿ ಬಿಚ್ಚಬೇಕಿಲ್ಲ, ಮೇಲೆ ಸರಿಸಿದರೆ ಸಾಕು. ಮೊಣಕಾಲಿನ ಮೇಲೆ ಬೆಡ್‌ಶೀಟ್ ಹೊದಿಸಬೇಕು. ಒಳಗೆ ನೋಡಲು ಹಾಕುವ ಸ್ಪೆಕ್ಯುಲಮ್ ಅನ್ನುವ ಉಪಕರಣ ತಣ್ಣಗಿದ್ದರೆ ಮೈ ಬಿಗಿಯಾಗುತ್ತದೆ, ನೋವು ಜಾಸ್ತಿ. ಬೆಚ್ಚಗಿನ ನೀರಿನಲ್ಲಿ ಹಿಡಿದು ತೆಗೆದರೆ ವ್ಯತ್ಯಾಸ ಅವಳಿಗೇ ಗೊತ್ತಾಗುತ್ತದೆ. ಶುರು ಮಾಡುವ ಮೊದಲೇ ನಾನು ಹೇಳಿರುತ್ತೇನೆ, "ಬೇಡ ಅನ್ನಿಸಿದರೆ ಕೈ ಎತ್ತಿ, ನಿಲ್ಲಿಸ್ತೇನೆ." ಅವಳು ಹಲ್ಲು ಕಚ್ಚಿ ಸುಮ್ನೆ ತಡೆದುಕೊಳ್ಳುತ್ತಿದ್ದರೆ ಅದು ಮೊದಲು ಕಾಣುವುದು ಸಿಸ್ಟರ್‌ಗೆ. ಅವರು "ಡಾಕ್ಟ್ರೇ, ಸ್ವಲ್ಪ ತಡೀರಿ" ಅನ್ನಬೇಕು. ಹಾಗನ್ನುವ ಧೈರ್ಯ ಇಲ್ಲದವರನ್ನು ಅಲ್ಲಿ ನಿಲ್ಲಿಸಿ ಏನು ಉಪಯೋಗ?

ಡಾಕ್ಟರ್ ಹೆಂಗಸೇ ಆದರೆ ಇದೆಲ್ಲ ಯಾಕೆ ಅಂತ ಕೇಳುತ್ತಾರೆ. ಗಂಡಸು ಡಾಕ್ಟರ್ ಆದರೆ ಜೊತೆಗೆ ಯಾರಾದರೂ ಬೇಕು ಅನ್ನುವವರೇ ಹೆಚ್ಚು. ನನ್ನ ಹತ್ತಿರ ಬಂದವರಲ್ಲಿ "ನೀವೇ ಇದ್ದೀರಲ್ಲ, ಇನ್ಯಾರೂ ಬೇಡ" ಅನ್ನುವವರು ಸಾಕಷ್ಟು. ಅಮೆರಿಕದ ಸ್ತ್ರೀರೋಗ ವೈದ್ಯರ ಸಂಘ 2020ರಲ್ಲಿ, ಡಾಕ್ಟರ್ ಗಂಡಸಿರಲಿ ಹೆಂಗಸಿರಲಿ, ಎದೆಯ ಮತ್ತು ಒಳಗಿನ ಎಲ್ಲ ಪರೀಕ್ಷೆಗೂ ತರಬೇತಿ ಪಡೆದ ಒಬ್ಬರು ಜೊತೆಗಿರಬೇಕು ಅಂತ ಹೇಳಿತು. ಬ್ರಿಟನ್ನಿನಲ್ಲಿ ರೋಗಿಯನ್ನು ಕೇಳಲೇಬೇಕು, ಆಯ್ಕೆ ರೋಗಿಯದು. ನನಗೆ ಸರಿ ಅನ್ನಿಸುವುದು ಬ್ರಿಟನ್ನಿನ ದಾರಿ. ಆದರೆ ಗಂಡಸು ಡಾಕ್ಟರ್ ಇದ್ದಲ್ಲಿ ಸಡಿಲಿಕೆ ಬೇಡ. ನಮ್ಮ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರದಲ್ಲೂ ಗಂಡಸು ಡಾಕ್ಟರ್ ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಇರಬೇಕು, ಅದನ್ನು ನೋಡಿಕೊಳ್ಳುವುದು ಆಸ್ಪತ್ರೆಯ ಕೆಲಸ ಅಂತ ಇದೆ. ಅಂದರೆ ಜನ ಹುಡುಕಿಕೊಂಡು ಬರುವುದು ನಿಮ್ಮ ತಲೆನೋವಲ್ಲ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಪ್ರಕರಣದ ಹೆಣ್ಣುಮಕ್ಕಳಿಗಂತೂ 2012ರ ಕಾಯ್ದೆ ಇನ್ನೂ ಬಿಗಿಯಾಗಿದೆ: ಪರೀಕ್ಷಿಸುವವರು ಮಹಿಳಾ ವೈದ್ಯರೇ ಆಗಬೇಕು, ತಂದೆತಾಯಿ ಅಥವಾ ಮಗು ನಂಬುವ ಒಬ್ಬರು ಪಕ್ಕದಲ್ಲಿರಬೇಕು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ತಪಾಸಣೆ 30 ದಾಟಿದವರಿಗೆ ಸರ್ಕಾರಿ ಕಾರ್ಯಕ್ರಮದಲ್ಲಿದೆ. ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಮಚ್ಚೆ ಏಳುತ್ತದಾ ಅಂತ ನೋಡುವುದು. ಅಷ್ಟು ಸುಲಭ. ಆದರೂ ಹೆಂಗಸರು ಹಿಂದೆ ಸರಿಯುತ್ತಾರೆ. ಹಿಂದಿನ ಹೆರಿಗೆಯಲ್ಲಿ ಪರದೆ ಇಲ್ಲದೆ, ಕೇಳದೆ, ಯಾರ್ಯಾರೋ ಬಂದು ನೋಡಿ ಹೋದದ್ದು ಅವರಿಗೆ ಮರೆತಿರುವುದಿಲ್ಲ.

ಪರೀಕ್ಷೆಗೆ ಹೋಗುವ ಮೊದಲು ಆಸ್ಪತ್ರೆಗೆ ಒಂದು ಫೋನ್ ಮಾಡಿ. ಲೇಡಿ ಡಾಕ್ಟರ್ ಯಾವ ದಿನ ಇರುತ್ತಾರೆ, ಸಿಸ್ಟರ್ ಇರುತ್ತಾರಾ ಅಂತ ಕೇಳಿ. ಜೋಯಿಡಾದಿಂದಲೋ ಸಿದ್ದಾಪುರದ ಒಳಹಳ್ಳಿಯಿಂದಲೋ ಬಸ್ಸು ಹಿಡಿದು ಬರುವವರಿಗೆ ಇದು ಇನ್ನೂ ಮುಖ್ಯ. ಜೊತೆಗೆ ಯಾರೂ ಇಲ್ಲ ಅಂದರೆ, ತುರ್ತು ಅಲ್ಲದಿದ್ದರೆ, "ಇನ್ನೊಂದು ದಿನ ಬರ್ತೇನೆ" ಅನ್ನಬಹುದು. ಅದಕ್ಕಾಗಿ ಯಾವ ಡಾಕ್ಟರೂ ಸಿಟ್ಟಾಗುವಂತಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಕೆಟ್ಟದಾಗಿ ನಡೆದುಕೊಂಡರೆ, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ, ನಮ್ಮ ಉತ್ತರ ಕನ್ನಡದವರು ಕಾರವಾರದಲ್ಲಿ, ದೂರು ಕೊಡಬಹುದು. ದಿನಾಂಕ, ಹೊತ್ತು, ಕೋಣೆಯಲ್ಲಿ ಯಾರಿದ್ದರು ಅನ್ನುವುದನ್ನು ಅವತ್ತೇ ಬರೆದಿಟ್ಟುಕೊಳ್ಳಿ.